ಗಾಳದ ಹಿಟ್ಟಿನ ಹದ

ಭಾನುವಾರ ನಮ್ಮ ಹುಣಸೂರಿನ ಗಾವಡಗೆರೆ ಹೋಬಳಿಯ ಯಾವ ಕೆರೆಯ ಏರಿಗೆ ಹೋದರೂ ಗಾಳ ಹಾಕಿಕೊಂಡು ಕೂತ ಹುಡುಗರು ಸಿಗುತ್ತಾರೆ. ಅವರಲ್ಲಿ ಕೆಲವರು ಹೈಸ್ಕೂಲಿನಲ್ಲಿ ನನ್ನಿಂದ ಜೀವಶಾಸ್ತ್ರ ಕಲಿತವರು, ಕೆಲವರು ಕಲಿತವರ ಮಕ್ಕಳು. ಎಲ್ಲರದೂ ಒಂದೇ ಪ್ರಶ್ನೆ: "ಟೀಚರಮ್ಮ, ಹಿಟ್ಟಿಗೆ ಏನ್ ಸೆಂಟ್ ಹಾಕ್ತೀರಿ?" ವೆನಿಲ್ಲಾ, ಅನಾನಸ್, ಸ್ಟ್ರಾಬೆರಿ ಎಂದು ಬರೆದ ಪುಟ್ಟ ಬಾಟಲಿಗಳನ್ನು ಮೊಬೈಲಿನಲ್ಲಿ ಬುಕ್ ಮಾಡಿ ತರಿಸಿಕೊಂಡಿರುತ್ತಾರೆ. ಕೂಲಿ ಮಾಡಿ ತಂದ ದುಡ್ಡು ಹಾಗೆ ಹೋಗುವುದನ್ನು ಕಂಡರೆ ನನಗೆ ಸಂಕಟ. "ಸೆಂಟು ಆಮೇಲೆ ಕಣ್ರಪ್ಪ, ಮೊದಲು ಹಿಟ್ಟನ್ನ ಬೆರಳಲ್ಲಿ ಒತ್ತಿ ನೋಡಿ" ಅನ್ನುತ್ತೇನೆ.

ಗಾಳಕ್ಕೆ ಸಿಕ್ಕಿಸುವ ಹಿಟ್ಟಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹದ. ವಾಸನೆ ಮೀನನ್ನು ಹತ್ತಿರಕ್ಕೆ ಕರೆಯಬಹುದು. ಬಾಯಿಗೆ ಹೋದ ಉಂಡೆ ಒಳಗೇ ಉಳಿಯುವುದೋ ಮರುಕ್ಷಣವೇ ಆಚೆ ಬೀಳುವುದೋ ಎಂಬುದು ಉಂಡೆಯ ಮೆದುವಿನ ಮೇಲೆ ನಿಂತಿದೆ. ಈ ಮಾತನ್ನು ನನಗೆ ಮೊದಲು ಹೇಳಿದವರು ನಮ್ಮ ಮಾವನವರು. ಸೊಸೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ, ಅವರು ಗಾಳ ಹಿಡಿದು ಲಕ್ಷ್ಮಣತೀರ್ಥ ಹೊಳೆಯ ಕಡೆಗೆ ಹೊರಡುವ ಹಿಂದಿನ ರಾತ್ರಿ ಒಲೆಯ ಮುಂದೆ ಬಂದು ನಿಂತು ಹೇಳುತ್ತಿದ್ದರು: "ಉಣ್ಣೋ ಹಿಟ್ಟಿಗಿಂತ ಒಂದು ಕೈ ಗಟ್ಟಿ ಇರ್ಲಿ ಕಣವ್ವ." ರಾಗಿಹಿಟ್ಟು ತೊಳಸುವ ಕೈಗೆ ಗಾಳದ ಹಿಟ್ಟಿನ ಹದ ತಾನಾಗಿಯೇ ಗೊತ್ತಾಗುತ್ತದೆ ಎಂಬುದು ಅವರ ನಂಬಿಕೆ. ಪಾಠ ಹೇಳುವಾಗ ಮೀನಿನ ಬಾಯಿಯ ರಚನೆಯನ್ನು ಚಿತ್ರ ಬರೆದು ವಿವರಿಸುತ್ತಿದ್ದ ನನಗೆ ಅವರ ಮಾತಿನ ಹಿಂದಿರುವ ಕಾರಣ ನಿಧಾನವಾಗಿ ಹೊಳೆಯಿತು.

ನಮ್ಮ ಕೆರೆಗಳಲ್ಲಿ ಹೆಚ್ಚಾಗಿರುವುದು ಗೆಂಡೆಯ ವಂಶದ ಮೀನುಗಳು: ಕಾಟ್ಲ, ರೋಹು, ಮೃಗಾಲ, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಜೊತೆಗೆ ಸಣ್ಣ ಪಕ್ಕೆಗಳು. ಇವಕ್ಕೆ ದವಡೆಯಲ್ಲಿ ಹಲ್ಲಿಲ್ಲ. ಹಲ್ಲಿರುವುದು ಗಂಟಲಲ್ಲಿ. ಆಹಾರವನ್ನು ಕಚ್ಚುವುದಿಲ್ಲ, ಬಾಯಿಯನ್ನು ಮುಂದಕ್ಕೆ ಚಾಚಿ ನೀರಿನ ಸಮೇತ ಒಳಕ್ಕೆ ಎಳೆದುಕೊಳ್ಳುತ್ತವೆ. ಒಳಗೆ ಬಂದದ್ದನ್ನು ಬಾಯಿಯ ಮೇಲ್ಭಾಗದ ರುಚಿಮೊಗ್ಗುಗಳಲ್ಲಿ ಪರೀಕ್ಷಿಸಿ, ತಿನ್ನುವಂಥದ್ದಾದರೆ ಗಂಟಲ ಹಲ್ಲಿಗೆ ತಳ್ಳುತ್ತವೆ, ಇಲ್ಲದಿದ್ದರೆ ಉಗುಳುತ್ತವೆ. ಮಣ್ಣು, ಕಲ್ಲುಚೂರು, ಒಣಕಡ್ಡಿ ಎಲ್ಲವನ್ನೂ ಹೀಗೆ ಎಳೆದುಕೊಂಡು ಬೇರ್ಪಡಿಸುವುದೇ ಅವುಗಳ ದಿನನಿತ್ಯದ ಕೆಲಸ. ಸಾಮಾನ್ಯ ಗೆಂಡೆಯ ಬಾಯಿಯ ಪಕ್ಕ ಮೀಸೆಗಳಿವೆ, ಅವುಗಳಲ್ಲೂ ರುಚಿಮೊಗ್ಗುಗಳಿವೆ. ಅಂದರೆ ಬಾಯಿಗೆ ಹಾಕಿಕೊಳ್ಳುವ ಮೊದಲೇ ಅದು ನಿಮ್ಮ ಉಂಡೆಯ ರುಚಿ ನೋಡಿರುತ್ತದೆ.

ಇನ್ನೊಂದು ಸಂಗತಿ ಹೇಳಿದರೆ ಮಕ್ಕಳು ಕಣ್ಣರಳಿಸುತ್ತಿದ್ದರು: ಈ ವಂಶದ ಮೀನುಗಳಿಗೆ ಹೊಟ್ಟೆಚೀಲವೇ ಇಲ್ಲ. ಅನ್ನನಾಳ ಮುಗಿದ ಕೂಡಲೇ ಕರುಳು ಶುರು. ಒಮ್ಮೆ ಹೊಟ್ಟೆ ತುಂಬಾ ತಿಂದು ಮಲಗುವ ಅನುಕೂಲ ಅವಕ್ಕಿಲ್ಲ, ಸ್ವಲ್ಪ ಸ್ವಲ್ಪವೇ ದಿನವಿಡೀ ತಿನ್ನುತ್ತಿರಬೇಕು. ಸಣ್ಣದಾದ, ಮೆತ್ತನೆಯ, ಸುಲಭವಾಗಿ ಅರೆದುಹೋಗುವ ತುತ್ತು ಅವಕ್ಕೆ ಒಗ್ಗುವುದು ಇದೇ ಕಾರಣಕ್ಕೆ. ಕಲ್ಲಿನ ಹಾಗಿರುವ ಉಂಡೆಯನ್ನು ಎಳೆದುಕೊಂಡ ಮೀನು ಉಗುಳಿಬಿಡುತ್ತದೆ. ಬೆಂಡು ಒಂದು ಸಲ ಅಲುಗಿ ಸುಮ್ಮನಾಗುತ್ತದೆ. ತೀರಾ ನೀರಾದ ಉಂಡೆ ಗಾಳ ಬೀಸುವಾಗಲೇ ಕಳಚಿ ಬೀಳುತ್ತದೆ, ಉಳಿದರೆ ಪಕ್ಕೆಗಳು ಕುಕ್ಕಿ ಮುಗಿಸುತ್ತವೆ. ಇವೆರಡರ ನಡುವೆ ಇರುವ ಜಾಗ ಬಹಳ ಕಿರಿದು, ಅದನ್ನು ಕೈ ಹುಡುಕಿಕೊಳ್ಳಬೇಕು.

ರಾಗಿಯಿಂದ ಶುರು ಮಾಡೋಣ. ರಾಗಿಯಲ್ಲಿ ಗೋಧಿಯ ಹಾಗೆ ಎಳೆಯುವ ಅಂಟಿಲ್ಲ. ಹಸಿ ರಾಗಿಹಿಟ್ಟನ್ನು ತಣ್ಣೀರಲ್ಲಿ ಕಲಸಿ ಉಂಡೆ ಕಟ್ಟಿದರೆ ನೀರಿಗೆ ಬಿದ್ದ ತಕ್ಷಣ ಬಿಚ್ಚಿಕೊಳ್ಳುತ್ತದೆ. ಬೇಯಿಸಿದಾಗ ಅದರ ಪಿಷ್ಟ ನೀರು ಕುಡಿದು ಉಬ್ಬಿ, ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಆರಿದ ಮೇಲೆ ಇನ್ನಷ್ಟು ಬಿಗಿಯಾಗುತ್ತದೆ. ರಾತ್ರಿಯ ಮುದ್ದೆ ಬೆಳಿಗ್ಗೆ ಗಟ್ಟಿಯಾಗಿರುವುದನ್ನು ಯಾವ ಮನೆಯಲ್ಲಿ ನೋಡಿಲ್ಲ? ಗಾಳಕ್ಕೆ ಬೇಕಾದದ್ದು ಆ ತಂಗಳು ಮುದ್ದೆಯ ಗುಣವೇ.

ನಾನು ಮಾಡುವುದು ಹೀಗೆ. ಒಂದು ಲೋಟ ರಾಗಿಹಿಟ್ಟಿಗೆ ಒಂದೂವರೆ ಲೋಟ ನೀರು. ಎಸರು ಕುದಿ ಬಂದ ಮೇಲೆ ಹಿಟ್ಟು ಸುರಿದು, ಅಲುಗಿಸದೆ ಸ್ವಲ್ಪ ಹೊತ್ತು ಬೇಯಲು ಬಿಡುತ್ತೇನೆ. ಉಪ್ಪು ಹಾಕುವುದಿಲ್ಲ. ಹಿಟ್ಟಿನ ಕೋಲಿನಲ್ಲಿ ಗಂಟಿಲ್ಲದಂತೆ ತೊಳಸಿ ಇಳಿಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಒಂದು ಹಿಡಿ ಕಡಲೆಕಾಯಿ ಹಿಂಡಿಯ ಪುಡಿ, ಎರಡು ಮೂರು ಚಮಚ ಗೋಧಿಹಿಟ್ಟು ಅಥವಾ ಮೈದಾ ಸೇರಿಸಿ ಚೆನ್ನಾಗಿ ನಾದುತ್ತೇನೆ. ಹಿಂಡಿಯನ್ನು ಹಿಂದಿನ ದಿನವೇ ನೆನೆಹಾಕಿ ನೀರು ಹಿಂಡಿ ತೆಗೆದಿಟ್ಟರೆ ಇನ್ನೂ ಒಳ್ಳೆಯದು, ಒಣಪುಡಿ ಆಮೇಲೆ ನೀರು ಕುಡಿದು ಉಂಡೆಯನ್ನು ಒಳಗಿನಿಂದ ಒಡೆಯುತ್ತದೆ. ಗೋಧಿ ಎಳೆತ ಕೊಡುತ್ತದೆ, ಹಿಂಡಿ ಎಣ್ಣೆಯ ವಾಸನೆಯನ್ನೂ ರುಚಿಯನ್ನೂ ಕೊಡುತ್ತದೆ, ರಾಗಿ ಮೈ ಕೊಡುತ್ತದೆ. ನಾದಿದ್ದನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಮತ್ತೊಮ್ಮೆ ನಾದಿದರೆ ಹಿಟ್ಟು ಸಿದ್ಧ. ಬೆಲ್ಲ ಒಂದು ಚೂರು ಹಾಕುವವರಿದ್ದಾರೆ, ಸೋಂಪು ಕುಟ್ಟಿ ಹಾಕುವವರಿದ್ದಾರೆ. ಹಾಕಿದರೆ ತಪ್ಪೇನಿಲ್ಲ, ಹದ ತಪ್ಪಿದ ಹಿಟ್ಟನ್ನು ಮಾತ್ರ ಅವು ಉಳಿಸಲಾರವು.

ಹದ ನೋಡುವುದಕ್ಕೆ ಎರಡು ಪರೀಕ್ಷೆ ಸಾಕು. ಉಂಡೆಯ ಮೇಲೆ ಹೆಬ್ಬೆರಳು ಒತ್ತಿ: ಗುರುತು ನಿಲ್ಲಬೇಕು, ಅಂಚು ಬಿರುಕು ಬಿಡಬಾರದು. ಬಿರುಕು ಬಿಟ್ಟರೆ ನೀರು ಚಿಮುಕಿಸಿ, ಬೆರಳಿಗೆ ಮೆತ್ತಿಕೊಂಡರೆ ಹಿಟ್ಟು ಉದುರಿಸಿ. ಆಮೇಲೆ ಒಂದು ಉಂಡೆಯನ್ನು ನೀರು ತುಂಬಿದ ಲೋಟಕ್ಕೆ ಬಿಟ್ಟು ಹತ್ತು ನಿಮಿಷ ಕಾಯಿರಿ. ಮೇಲ್ಮೈಯಿಂದ ಸಣ್ಣ ಪುಡಿ ಬಿಡುತ್ತಿರಬೇಕು, ನಡುಭಾಗ ಹಾಗೇ ಇರಬೇಕು. ಆ ಪುಡಿಯೇ ನೀರಿನಲ್ಲಿ ಹರಡಿ ಮೀನಿಗೆ ಸುದ್ದಿ ಮುಟ್ಟಿಸುತ್ತದೆ. ಈ ಲೋಟದ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಂಡು ಹೊರಟರೆ ಕೆರೆಯ ಹತ್ತಿರ ಅರ್ಧ ದಿನ ಉಳಿಯುತ್ತದೆ.

ಒಂದೇ ಹದ ಎಲ್ಲ ಮೀನಿಗೂ ಆಗುವುದಿಲ್ಲ ಎನ್ನುವುದನ್ನು ಹುಡುಗರು ಮರೆಯುತ್ತಾರೆ. ಕಾಟ್ಲದ ಬಾಯಿ ಮೇಲ್ಮುಖ. ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು ಅದು. ಅದಕ್ಕೆ ತಳದಲ್ಲಿ ಗಟ್ಟಿ ಉಂಡೆ ಮಲಗಿಸಿದರೆ ಸಂಜೆಯವರೆಗೂ ಕೂರಬೇಕಾಗುತ್ತದೆ. ಬೆಂಡಿನಿಂದ ಎರಡು ಮೂರು ಅಡಿ ಕೆಳಗೆ, ಅಕ್ಕಿ ತೌಡು, ಕಡಲೆಹಿಟ್ಟು ಹೆಚ್ಚು ಬೆರೆಸಿ ಬೇಗ ಪುಡಿಯಾಗುವಂತೆ ಮಾಡಿದ ದೊಡ್ಡ ಉಂಡೆ ತೂಗಬೇಕು. ಉಂಡೆ ಕರಗುತ್ತಾ ಸುತ್ತ ಮೋಡ ಕಟ್ಟುತ್ತದೆ, ಕಾಟ್ಲ ಆ ಮೋಡವನ್ನು ಎಳೆದುಕೊಳ್ಳುವಾಗ ಕೊಕ್ಕೆಯೂ ಒಳಗೆ ಹೋಗುತ್ತದೆ. ರೋಹು ನಡುನೀರಿನದು, ತುಟಿಯಲ್ಲಿ ಮೆಲ್ಲನೆ ಕೀಳುತ್ತದೆ, ಅದಕ್ಕೆ ನಡುಹದ. ಮೃಗಾಲ, ಸಾಮಾನ್ಯ ಗೆಂಡೆ ತಳದಲ್ಲಿ ಕೆಸರು ಕೆದಕುವವು, ಅವುಗಳ ಹಿಟ್ಟು ಹೆಚ್ಚು ಹೊತ್ತು ನಿಲ್ಲಬೇಕು, ರಾಗಿ ಮುಂದಿರಬೇಕು. ಜಿಲೇಬಿ ಎಂದು ಕರೆಯುವ ತಿಲಾಪಿಯಕ್ಕೆ ಹೆಸರುಕಾಳಿನಷ್ಟು ಉಂಡೆ, ಸಣ್ಣ ಕೊಕ್ಕೆ. ಕೊರವನ ಸುದ್ದಿಗೆ ಹಿಟ್ಟು ಹಿಡಿದು ಹೋಗಲೇಬೇಡಿ, ಅದು ಕಪ್ಪೆ, ಸಣ್ಣಮೀನು ಬೇಟೆಯಾಡುವ ಪ್ರಾಣಿ.

ಅಂದಹಾಗೆ ಇವುಗಳಲ್ಲಿ ಹಲವು ನಮ್ಮ ಕಾವೇರಿ ಸೀಮೆಯ ಮೂಲದವೇ ಅಲ್ಲ. ಕಾಟ್ಲ ಗಂಗೆಯ ಕಡೆಯಿಂದ ಬಂತು. ಸಾಮಾನ್ಯ ಗೆಂಡೆಯನ್ನು 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ತಂದರು, ಬಯಲಿನ ಬಿಸಿನೀರಿಗೆ ಒಗ್ಗುವ ಇನ್ನೊಂದು ತಳಿ 1957ರಲ್ಲಿ ಬ್ಯಾಂಕಾಕಿನಿಂದ ಬಂತು. ಜಿಲೇಬಿ ಭಾರತಕ್ಕೆ ಬಂದದ್ದು 1952ರಲ್ಲಿ, ಮೂಲ ಆಫ್ರಿಕಾ.

ಈಚೆಗೆ ಇನ್ನೊಂದು ವಸ್ತು ನಮ್ಮ ಕಡೆಗೂ ಬಂದಿದೆ. ಕೃಷಿಹೊಂಡದಲ್ಲಿ ಮೀನು ಸಾಕುವವರು ಮೂಟೆಯಲ್ಲಿ ತರುವ ಪೆಲೆಟ್ ಮೇವು. ಇದನ್ನು ತಿಂದು ಬೆಳೆದ ಮೀನಿಗೆ ಇದೇ ಊಟ, ಬೇರೆಯದನ್ನು ಅನುಮಾನಿಸುತ್ತದೆ. ತೊಂದರೆ ಏನೆಂದರೆ ಪೆಲೆಟ್ ಒಣಗಿ ಗರಿಗರಿಯಾಗಿರುತ್ತದೆ. ಕೊಕ್ಕೆ ಚುಚ್ಚಿದರೆ ಎರಡು ಹೋಳು. ತೇಲುವ ಜಾತಿಯದಾದರೆ ಒಳಗೆಲ್ಲ ಗಾಳಿಯ ಗೂಡು. ಬರೀ ನೀರಲ್ಲಿ ನೆನೆಸಿದರೆ ಹೊರಗೆ ಲೋಳೆಯಾಗಿ ಒಳಗೆ ಒಣಗಿಯೇ ಇರುತ್ತದೆ.

ಇದಕ್ಕೆ ಇಂಗ್ಲೆಂಡಿನ ಗಾಳಗಾರರು ಕಂಡುಕೊಂಡ ಉಪಾಯ ಸರಳವಾದದ್ದು. ಅಲ್ಲಿ ಟ್ರೌಟ್, ಸಾಲ್ಮನ್ ಬಿಟ್ಟು ಉಳಿದ ಸಿಹಿನೀರಿನ ಮೀನುಗಳಿಗೆ ಗಾಳ ಹಾಕುವುದೇ ಒಂದು ಬೇರೆ ಪಂಥ. ಗೆಂಡೆ ಅವರ ಅಚ್ಚುಮೆಚ್ಚಿನ ಮೀನು. ಅವರು ಪೆಲೆಟ್‌ನೊಳಗಿನ ಗಾಳಿಯನ್ನು ಎಳೆದು ತೆಗೆಯುತ್ತಾರೆ. ನಮ್ಮಲ್ಲಿ ದನದ ಔಷಧಿ ಅಂಗಡಿಯಲ್ಲಿ ಸಿಗುವ ದೊಡ್ಡ ಸಿರಿಂಜಿನಲ್ಲಿ ಅದನ್ನು ಮಾಡಬಹುದು. ಸೂಜಿ ಬೇಡ. ಸಿರಿಂಜಿನೊಳಗೆ ಪೆಲೆಟ್ ಹಾಕಿ, ಮುಳುಗುವಷ್ಟು ನೀರು ತುಂಬಿ, ಒಳಗೆ ಉಳಿದ ಗಾಳಿಯನ್ನು ಆಚೆ ತಳ್ಳಿ, ತುದಿಯ ತೂತನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಪಿಸ್ಟನ್ ಹಿಂದಕ್ಕೆ ಎಳೆಯಿರಿ. ಪೆಲೆಟ್‌ನಿಂದ ಗುಳ್ಳೆ ಏಳುತ್ತದೆ. ಬಿಟ್ಟಾಗ ಗಾಳಿ ಇದ್ದ ಜಾಗಕ್ಕೆ ನೀರು ನುಗ್ಗುತ್ತದೆ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ತೇಲುತ್ತಿದ್ದದ್ದು ಮುಳುಗುತ್ತದೆ. ನೀರು ಬಸಿದು ಡಬ್ಬಿಯಲ್ಲಿ ಮುಚ್ಚಿ ಒಂದು ಗಂಟೆ ಇಟ್ಟರೆ ಒಳಗೂ ಹೊರಗೂ ಒಂದೇ ಹದದಲ್ಲಿ ಮೆತ್ತಗಾಗಿ, ಸಣ್ಣ ಕೊಕ್ಕೆ ಒಡೆಯದೆ ಹಾದುಹೋಗುತ್ತದೆ. ಸಿರಿಂಜಿನ ರಗಳೆ ಬೇಡ ಎನ್ನುವವರು ಪೆಲೆಟ್ ಪುಡಿ ಮಾಡಿ, ಸ್ವಲ್ಪ ಮೈದಾ ಸೇರಿಸಿ, ಹನಿಹನಿಯಾಗಿ ನೀರು ಬಿಟ್ಟು ನಾದಿಕೊಳ್ಳಬಹುದು. ನನಗೆ ಅದೇ ಹೆಚ್ಚು ಇಷ್ಟ, ಬೇಕಾದ ಗಾತ್ರಕ್ಕೆ ಉಂಡೆ ಕಟ್ಟಬಹುದು.

ಕೆರೆಯಲ್ಲಿ ಸ್ವಂತವಾಗಿ ಮೇಯ್ದು ಬೆಳೆದ ಮೀನಿಗೆ ಮಾತ್ರ ನಾನು ಇವತ್ತಿಗೂ ರಾಗಿಯನ್ನೇ ನಂಬುವುದು. ನಮ್ಮ ನಾಡಿನಲ್ಲಿ ಗಾಳಕ್ಕೆ ಹಿಟ್ಟು ಕಟ್ಟುವ ವಿದ್ಯೆ ಎಷ್ಟು ಹಳೆಯದು ಎಂಬುದಕ್ಕೆ ಬರಹದ ಸಾಕ್ಷಿಯೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೊಂದಿದೆ. ರಾಜನ ವಿನೋದಗಳ ಸಾಲಿನಲ್ಲಿ ಗಾಳಕ್ಕೂ ಜಾಗ. ಮೀನುಗಳನ್ನು ಸಮುದ್ರದವು, ಸಿಹಿನೀರಿನವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಮೇವು ಎಂದು ಅದು ಹೇಳುತ್ತದೆ. ಎಳ್ಳು, ಅನ್ನ, ಕಡಲೆಹಿಟ್ಟು ಅದರ ಉಂಡೆಗಳಲ್ಲಿ ಬರುತ್ತವೆ. ಮೀನುವಿಜ್ಞಾನಿ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ಇಂಗ್ಲಿಷಿನಲ್ಲಿ ವಿವರಿಸಿ ವಿಜ್ಞಾನಲೋಕದ ಗಮನಕ್ಕೆ ತಂದರು. ನಮ್ಮ ಮನೆಯ ಹಿಂಡಿ, ಕಡಲೆಹಿಟ್ಟಿನ ಉಂಡೆ ಆ ಸಾಲಿನದೇ ಎಂದು ನನಗೆ ಹೆಮ್ಮೆ.

ರಾಗಿಗೆ ಅಂತರರಾಷ್ಟ್ರೀಯ ಕೀರ್ತಿ ಬಂದದ್ದು ಮಹಶೀರ್‌ನಿಂದ, ನದಿಯ ದಡದವರು ಬಿಳಿಮೀನು ಎನ್ನುವ ಮೀನಿನಿಂದ. ನಮ್ಮ ಪಕ್ಕದ ಎಚ್.ಡಿ. ಕೋಟೆಯ ಕಬಿನಿಯ ಹೆಸರೂ ಇದರ ಚರಿತ್ರೆಯಲ್ಲಿದೆ: 1946ರಲ್ಲಿ, ಅಣೆಕಟ್ಟು ಕಟ್ಟುವುದಕ್ಕೆ ಬಹಳ ಮುಂಚೆ, ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಬೇಟೆಯ ಪ್ರಾಣಿಗಳ ಚರ್ಮದಿಂದ ಜೀವಂತವೆನಿಸುವ ಬೊಂಬೆ ಮಾಡುವುದಕ್ಕೆ ಜಗತ್ತಿನಲ್ಲೇ ಹೆಸರಾದ ಮನೆತನ ಅದು. ಆಮೇಲೆ 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಗಾಳಗಾರರು ಕಾವೇರಿಗೆ ಬಂದರು. ಭೀಮೇಶ್ವರಿ, ಗಾಳಿಬೋರೆಯ ಶಿಬಿರಗಳಲ್ಲಿ ಸ್ಥಳೀಯರೇ ಅವರಿಗೆ ರಾಗಿಹಿಟ್ಟು ಬೇಯಿಸಿ, ನಾದಿ, ನಿಂಬೆಹಣ್ಣಿನ ಗಾತ್ರದ ಗಟ್ಟಿ ಉಂಡೆ ಕಟ್ಟಿಕೊಡುತ್ತಿದ್ದರು. ಬಂಡೆಗಳ ನಡುವಿನ ರಭಸದ ನೀರಿನಲ್ಲಿ ಕರಗದೆ ನಿಲ್ಲಬೇಕಾದ್ದರಿಂದ ಅಲ್ಲಿನ ಹದ ನಮ್ಮ ಕೆರೆಯದಕ್ಕಿಂತ ಬಹಳ ಬಿಗಿ. ದೇಶವಿದೇಶದ ಸಲಕರಣೆ ಹೊತ್ತು ಬಂದವರ ಗಾಳದ ತುದಿಯಲ್ಲಿ ಇದ್ದದ್ದು ನಮ್ಮ ಮುದ್ದೆ.

ಅಲ್ಲಿ ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೆ ಬಿಡುತ್ತಿದ್ದರು, ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಗಾಳಿಬೋರೆಯ 1998ರಿಂದ 2012ರವರೆಗಿನ ಆ ದಾಖಲೆಗಳಿಂದಲೇ ವಿಜ್ಞಾನಿಗಳಿಗೆ ಒಂದು ಕಹಿ ಸಂಗತಿ ಗೊತ್ತಾಯಿತು. ಕಾವೇರಿಗೇ ಸೇರಿದ ಡುಬ್ಬದ ಮಹಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಿತ್ತು. ಡುಬ್ಬದ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು, ಟಾರ್ ರೇಮಾದೇವಿ, ಖಚಿತವಾದದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು. ಈಗ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಹೊಳೆಯಲ್ಲಿ ಗಾಳ ಹಾಕುವ ನಮ್ಮ ಹುಡುಗರಿಗೆ ನಾನು ಪಟ್ಟು ಹಿಡಿದು ಹೇಳುವುದು ಇದನ್ನೇ: ದೊಡ್ಡ ಹುರುಪೆಯ, ದಪ್ಪ ತುಟಿಯ ಬಿಳಿಮೀನು ಸಿಕ್ಕರೆ ನೀರಿನಲ್ಲೇ ಕೊಕ್ಕೆ ಬಿಡಿಸಿ ಬಿಟ್ಟುಬಿಡಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಮೊದಲೇ ಅದುಮಿಟ್ಟುಕೊಂಡರೆ ಗಾಯವಾಗದೆ ಕಳಚುತ್ತದೆ.

ಹುಣಸೂರು, ಪಿರಿಯಾಪಟ್ಟಣದವರಿಗೆ ಮಾತ್ರ ಹೇಳಬೇಕಾದ ಒಂದು ಮಾತಿದೆ. ನಮ್ಮದು ಹೊಗೆಸೊಪ್ಪಿನ ಸೀಮೆ. ಸೊಪ್ಪು ಮುರಿದ ಕೈಗೆ ಕಪ್ಪು ಅಂಟು ಹತ್ತಿರುತ್ತದೆ, ಒಂದು ಸಲ ತೊಳೆದರೆ ಹೋಗುವುದಿಲ್ಲ. ನಿಕೋಟಿನ್ ಮೀನಿಗೆ ವಿಷ, ಕಹಿಯನ್ನು ಅವು ತಕ್ಷಣ ಗುರುತಿಸುತ್ತವೆ. ಸೊಪ್ಪು ಒಣಗಿಸುವ ಬ್ಯಾರನ್ನಿನಿಂದ ನೇರವಾಗಿ ಕೆರೆಗೆ ಬಂದು ಹಿಟ್ಟು ನಾದಿದವರ ಬೆಂಡು ಅಲುಗದೆ ಇದ್ದರೆ ಆಶ್ಚರ್ಯವಿಲ್ಲ. ಹುಣಸೆಹಣ್ಣಿನಲ್ಲಿ ಉಜ್ಜಿ, ಸೀಗೆಯಲ್ಲಿ ತೊಳೆದು, ಕೊನೆಗೆ ಒಣ ರಾಗಿಹಿಟ್ಟಿನಲ್ಲೇ ಕೈ ತಿಕ್ಕಿಕೊಳ್ಳಿ. ಗಿಡಕ್ಕೆ ಔಷಧಿ ಹೊಡೆದ ದಿನ ಗಾಳದ ತಂಟೆಗೇ ಹೋಗಬೇಡಿ.

ಕಾಲವೂ ಹದವನ್ನು ಬದಲಿಸುತ್ತದೆ. ಮೀನಿನ ಮೈ ನೀರು ಎಷ್ಟು ಬಿಸಿಯೋ ಅಷ್ಟೇ ಬಿಸಿ. ಪುಷ್ಯದ ಮಂಜಿನ ಬೆಳಗಿನಲ್ಲಿ ಜೀರ್ಣಶಕ್ತಿ ಕುಂದಿರುತ್ತದೆ, ಹಿಂಡಿಯ ಎಣ್ಣೆ ಕಡಿಮೆ ಮಾಡಿ ಹಿಟ್ಟನ್ನು ಇನ್ನೂ ಮೆದುಗೊಳಿಸಿ, ಉಂಡೆ ಕಡಲೆಕಾಳಿನಷ್ಟಕ್ಕೆ ಇಳಿಸಿ, ಬಿಸಿಲೇರಿದ ಮೇಲೆ ಹೋಗುವುದು ಲೇಸು. ಬೇಸಗೆಯಲ್ಲಿ ಉಂಡೆ ಬೇಗ ಹುಳಿಯುತ್ತದೆ; ಹುಳಿ ವಾಸನೆ ಗೆಂಡೆಗೆ ಬೇಡದ್ದೇನಲ್ಲ, ಹದ ಮಾತ್ರ ಸಡಿಲವಾಗುತ್ತದೆ, ಒದ್ದೆಬಟ್ಟೆಯಲ್ಲಿ ನೆರಳಲ್ಲಿಡಿ.

ಗಾಳ ಹಾಕುವ ಜಾಗಕ್ಕೆ ಮೊದಲೇ ಮೇವು ಎಸೆಯುವ ರೂಢಿಯಲ್ಲಿ ಹಿಡಿತ ಇರಬೇಕು. ರಾಮನಾಥಪುರದಲ್ಲಿ ಕಾವೇರಿಯ ದೇವರ ಮೀನುಗಳಿಗೆ ಪುರಿ ಎಸೆಯುವುದನ್ನು ನೋಡಿದವರಿಗೆ ಮೀನು ಎಷ್ಟು ಬೇಗ ಊಟದ ಜಾಗವನ್ನು ಕಲಿಯುತ್ತದೆ ಎಂಬುದು ಗೊತ್ತು. ಅಲ್ಲಿ ಹರಿಯುವ ಹೊಳೆ. ನಮ್ಮದು ನಿಂತ ಕೆರೆ. ಒಂದು ಹಿಡಿ ಪುಡಿ ಸಾಕು, ಖಾಲಿಯಾದ ಮೇಲೆ ಇನ್ನೊಂದು ಹಿಡಿ. ಬಕೆಟ್ಟುಗಟ್ಟಲೆ ತೌಡು ಸುರಿದರೆ ಮೀನಿನ ಹಸಿವು ಅದರಲ್ಲೇ ತೀರುತ್ತದೆ, ಗಾಳದ ಉಂಡೆಯನ್ನು ಕೇಳುವವರಿಲ್ಲ. ಉಳಿದದ್ದು ತಳದಲ್ಲಿ ಕೊಳೆತು ನೀರಿನ ಆಮ್ಲಜನಕ ತಿನ್ನುತ್ತದೆ, ಬೇಸಗೆಯಲ್ಲಿ ನೀರು ಕಡಿಮೆಯಾದಾಗ ಬೆಳಗಿನ ಜಾವಕ್ಕೆ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ, ಸಾಯುತ್ತವೆ.

ನಮ್ಮ ಬಹುತೇಕ ಕೆರೆಗಳನ್ನು ಮೀನುಗಾರರ ಸಹಕಾರ ಸಂಘಗಳೋ ಗುತ್ತಿಗೆದಾರರೋ ಹಿಡಿದಿರುತ್ತಾರೆ. ದುಡ್ಡು ಕೊಟ್ಟು ಮರಿ ಬಿಟ್ಟವರು ಅವರು. ಅವರನ್ನು ಕೇಳದೆ ಗಾಳ ಹಾಕುವುದು ಅವರ ಹೊಟ್ಟೆಯ ಮೇಲೆ ಹೊಡೆದ ಹಾಗೆ, ಕೇಳಿಯೇ ಹಾಕಿ. ನಾಗರಹೊಳೆ, ಬಂಡೀಪುರದ ಕಾಡಿನೊಳಗಿನ ಹೊಳೆ, ಹಿನ್ನೀರಿನ ಹತ್ತಿರಕ್ಕೆ ಹೋಗಬೇಡಿ, ಅಲ್ಲಿ ಗಾಳ ಹಾಕುವುದು ಅಪರಾಧ. ಮುಂಗಾರಿನ ಮೊದಲ ಹೊಸನೀರಿಗೆ ಮೊಟ್ಟೆ ಹೊತ್ತ ಮೀನು ಮೇಲಕ್ಕೆ ಏರುತ್ತವೆ. ಜೂನ್, ಜುಲೈನಲ್ಲಿ ಗಾಳದ ಕೋಲನ್ನು ಅಟ್ಟದ ಮೇಲಿಡಿ. ಮಿಕ್ಕ ತಿಂಗಳುಗಳಲ್ಲಿ ಹೋದಾಗ ಸಂಜೆಗೆ ಉಳಿದ ಹಿಟ್ಟನ್ನು ಕೆರೆಗೆ ಸುರಿಯದೆ ಮನೆಗೆ ತಂದು ಕೋಳಿಗೆ ಹಾಕಿ.